ಯಾರ ಮುಂದೂ ಹೇಳದ ಶಬ್ದ

ನಾಗನೂರಿನ ತವರುಮನೆಯಲ್ಲಿ ಶೆಟ್ಟೆವ್ವ ಶೇಂಗಾ ಹುರಿಯುತ್ತಿದ್ದಳು. ಉರಿ ಸಣ್ಣಗಿರಬೇಕು, ಕೈ ನಿಲ್ಲಬಾರದು. ಇಲ್ಲವಾದರೆ ಒಂದು ಬದಿ ಕಪ್ಪಾಗಿ ಇನ್ನೊಂದು ಬದಿ ಹಸಿ ಉಳಿಯುತ್ತದೆ. ವಸತಿ ಶಾಲೆಯಲ್ಲಿ ನಾಲ್ಕನೇ ತರಗತಿ ಓದುವ ಮಗಳು ದೀಪಾ ಚಟ್ನಿ ಡಬ್ಬಿ ಖಾಲಿಯಾಗಿದೆ ಎಂದು ಹೋದ ವಾರವೇ ಹೇಳಿದ್ದಳು. ಆಶಾ ಕಾರ್ಯಕರ್ತೆಯ ಓಡಾಟದಲ್ಲಿ ಆ ಕೆಲಸ ಹಿಂದೆ ಬಿದ್ದಿತ್ತು. ಇವತ್ತು ಚಟ್ನಿ ಕುಟ್ಟಿ, ಮಧ್ಯಾಹ್ನದ ಬಸ್ಸಿಗೆ ತಾನೇ ಒಯ್ದು ಕೊಟ್ಟು ಬರಬೇಕೆಂದಿದ್ದಳು.

ಮೊಬೈಲು ರಿಂಗಾಯಿತು. ಹಾಸ್ಟೆಲಿನ ವಾರ್ಡನ್ ಕಮಲಾಬಾಯಿ.

"ಶೆಟ್ಟೆವ್ವಾ, ದೀಪಾನ್ನ ಇನ್ನೂ ಯಾಕ ಕಳಿಸಿಲ್ಲ? ನಿನ್ನೆ ಸಂಜೀಕ ಬರಬೇಕಿತ್ತು. ಇವತ್ತ ಗಣಿತ ಪರೀಕ್ಷೆ ಐತಿ."

"ನಾ ಎಲ್ಲಿಂದ ಕಳಿಸ್ಲಿರಿ ಬಾಯಾರ? ನಿಮ್ಮ ಕಡೇನ ಅದಾಳಲ್ಲ?"

ಆ ಕಡೆಯಿಂದ ಕಾಗದ ತಿರುವುವ ಸದ್ದು ಬಂತು.

"ಶನಿವಾರ ಮುಂಜಾನೆ ಅವರಪ್ಪ ಬಂದು ಕರಕೊಂಡ ಹೋಗ್ಯಾನ. ಕಂಪ್ಯೂಟರಿನಾಗ ಗೇಟ್ ಪಾಸ್ ನೀನ ಕೊಟ್ಟೀಯಲ್ಲ."

ನೆರೆಮನೆಯವರು ಸುಟ್ಟ ವಾಸನೆಗೆ ಬಂದು ಒಲೆ ಆರಿಸುವ ಹೊತ್ತಿಗೆ ಶೆಟ್ಟೆವ್ವ ಬಸ್ ನಿಲ್ದಾಣದಲ್ಲಿದ್ದಳು.

ಅಂದು 2009ರ ಡಿಸೆಂಬರ್ 7, ಸೋಮವಾರ. ನಿಡಸೋಸಿ ರಸ್ತೆಯ ಆ ಶಾಲೆ ಹುಕ್ಕೇರಿ ಠಾಣೆಯ ಹದ್ದಿನಲ್ಲಿ ಬರುತ್ತದೆ. ಹನ್ನೊಂದಕ್ಕೆ ಮುಂಚೆ ಶೆಟ್ಟೆವ್ವ ಇನ್‌ಸ್ಪೆಕ್ಟರ್ ಕೇದಾರಿಯವರ ಮೇಜಿನ ಮುಂದೆ ನಿಂತಿದ್ದಳು. ಹೆಡ್ ಕಾನ್‌ಸ್ಟೇಬಲ್ ಶಿದ್ರಾಮ ದೂರು ಬರೆದುಕೊಳ್ಳಲು ಕೂತ.

"ಗಂಡನ ಹೆಸರು?"

ಶೆಟ್ಟೆವ್ವ ಚೀಲದಿಂದ ಗೋಕಾಕ ಕೋರ್ಟಿನ ಆದೇಶದ ಪ್ರತಿ ತೆಗೆದು ಮುಂದಿಟ್ಟಳು. ಶಿದ್ರಾಮ ಮತ್ತೆ ಕೇಳಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಣ್ಣುಮಕ್ಕಳ ಎಷ್ಟೋ ದೂರುಗಳನ್ನು ಬರೆದವನು ಅವನು. ಆದೇಶ ನೋಡಿ 'ಮಾಲಿಂಗ, ಕುರಿ ಕಾಯುವ ಕೆಲಸ, ವಾಸ ಮೂಡಲಗಿ' ಎಂದು ತುಂಬಿಕೊಂಡ.

ಸಂಗತಿ ಹೀಗಿತ್ತು. ಎರಡು ವರ್ಷದ ಹಿಂದೆ ಮಾಲಿಂಗನ ಅಕ್ಕ ಉದ್ದವ್ವ ದೀಪಾಳನ್ನು ತನ್ನ ಸಣ್ಣ ಮಗನಿಗೆ ತಂದುಕೊಳ್ಳಬೇಕೆಂದು ಹಟ ಹಿಡಿದಳು. ದೀಪಾಳಿಗೆ ಆಗ ಏಳು ವರ್ಷ. ಮಾಲಿಂಗ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಶೆಟ್ಟೆವ್ವ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದಳು. ಮಗಳು ತಾಯಿಯ ಬಳಿಯೇ ಇರಬೇಕೆಂದು ಕೋರ್ಟು ಹೇಳಿತು.

"ಈಗ ಉದ್ದವ್ವನ ದೊಡ್ಡ ಮಗನ ಲಗ್ನ ಐತ್ರಿ, ನಾಳೆ ಮುಂಜಾನೆ," ಎಂದಳು ಶೆಟ್ಟೆವ್ವ. "ಅದ ಹಂದರದಾಗ ನನ್ನ ಮಗಳಿಗೂ ತಾಳಿ ಕಟ್ಟಸ್ತಾರ ಸಾಹೇಬ್ರ. ದೊಡ್ಡವರ ಲಗ್ನದಾಗ ಸಣ್ಣವರದೂ ಮುಗಿಸಿದ್ರ ಯಾರಿಗೂ ಗೊತ್ತಾಗೂದಿಲ್ಲ."

ಕೇದಾರಿ ಕೂಡಲೇ ಮೂಡಲಗಿ ಠಾಣೆಗೆ ಫೋನ್ ಮಾಡಿ ಉದ್ದವ್ವನ ಮನೆಗೆ ಒಬ್ಬನನ್ನು ಕಳಿಸಲು ಹೇಳಿದರು. ಫೋನ್ ಇಟ್ಟು ಶೆಟ್ಟೆವ್ವನ ಕಡೆ ತಿರುಗಿದರು.

"ಆದ್ರ ಪಾಸ್ ನಿಮ್ಮ ಲಾಗಿನ್‌ನಿಂದ ಬಂದೈತಿ. ನೀವ ಕೊಟ್ಟು, ಈಗ ಹೆದರಿ ಬಂದೀರೇನು?"

"ನನ್ನ ಮಗಳಾಣಿ ಇಲ್ಲರಿ."

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರೇನು?"

"ಇಲ್ಲರಿ."

"ನನಗ ಹೇಳ್ರಿ. ಏನದು?"

ಶೆಟ್ಟೆವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಹೇಳಾಕ ಬರೂದಿಲ್ಲರಿ."

"ಮಗಳು ಎಲ್ಲಿ ಅದಾಳಂತ ಗೊತ್ತಿಲ್ಲ. ನಾಳೆ ಲಗ್ನ ಅಂತೀರಿ. ಪಾಸ್‌ವರ್ಡ್ ಕೇಳಿದ್ರ ಬಾಯಿ ಮುಚ್ಚತೀರಿ. ನಾ ಇದನ್ನ ಹೆಂಗ ತಿಳಕೋಬೇಕು?"

ಆಕೆಯ ಕಣ್ಣು ತುಂಬಿತು. ಬಾಯಿ ಮಾತ್ರ ತೆರೆಯಲಿಲ್ಲ. ಕೇದಾರಿ ಪೆನ್ನು ಕೆಳಗಿಟ್ಟರು. ಬಾಗಿಲ ಬಳಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ಕೆಂಚವ್ವ ಒಂದು ಹೆಜ್ಜೆ ಮುಂದೆ ಬಂದಳು.

"ಸರ, ಅದು ಆಕಿ ಗಂಡನ ಹೆಸರ ಇರಬೇಕ್ರಿ."

"ಹೌದೇನವ್ವಾ?"

ಶೆಟ್ಟೆವ್ವ ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು: ಜೂನ್‌ನಲ್ಲಿ ಶಾಲೆಯವರು ಪಾಲಕರ ಸಭೆ ಕರೆದಿದ್ದರು. ಮಕ್ಕಳನ್ನು ಹೊರಗೆ ಕಳಿಸುವ ಪಾಸನ್ನು ಇನ್ನು ಪಾಲಕರೇ ಶಾಲೆಯ ವೆಬ್‌ಸೈಟಿನಲ್ಲಿ ಕೊಡಬೇಕು ಎಂದರು. ಕಂಪ್ಯೂಟರಿನವನು ಎದ್ದು ನಿಂತು, ನೀವು ಯಾರ ಮುಂದೂ ಹೇಳದಂಥ ಒಂದು ಶಬ್ದ ಇಡಿರಿ, ಅದೇ ನಿಮ್ಮ ಕೀಲಿ ಎಂದಿದ್ದ.

"ಅಲ್ಲೇ ಕುಂತ ವಿಚಾರ ಮಾಡಿದ್ನಿರಿ. ಲಗ್ನ ಆಗಿ ಇಷ್ಟ ವರ್ಷಾತು, ಆ ಹೆಸರ ಒಂದ ದಿನಾನೂ ನನ್ನ ಬಾಯಾಗ ಬಂದಿಲ್ಲ. ಅದಕ್ಕಿಂತ ಗುಟ್ಟಿನ ಮಾತು ನನ್ನ ಕಡೆ ಯಾವ್ದೂ ಇಲ್ಲ."

"ನಿಮ್ಮ ಬಾಯಾಗ ಬಂದಿಲ್ಲ ಖರೆ. ಊರ ಮಂದಿ ಬಾಯಾಗ ಐತಲ್ಲ?"

ಆ ಮಾತು ಶೆಟ್ಟೆವ್ವನಿಗೆ ಈವರೆಗೆ ಹೊಳೆದೇ ಇರಲಿಲ್ಲ ಎಂಬುದು ಮುಖದ ಮೇಲೆ ಕಾಣುತ್ತಿತ್ತು. ಕೇದಾರಿ ಪೆನ್ನು ಎತ್ತಿಕೊಂಡರು. ಅಪಹರಣ ಮತ್ತು ಇನ್ನೊಬ್ಬರ ಪಾಸ್‌ವರ್ಡ್ ದುರುಪಯೋಗದ ಕಲಂಗಳ ಅಡಿ ಎಫ್‌ಐಆರ್ ದಾಖಲಾಯಿತು. ಆದರೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಪಾಸನ್ನು ಆಕೆಯೇ ಕೊಟ್ಟಿದ್ದರೆ ಕೇಸು ನಿಲ್ಲುವುದಿಲ್ಲ.

ಅಷ್ಟರಲ್ಲಿ ಮೂಡಲಗಿಯಿಂದ ಫೋನ್ ಬಂತು. ಉದ್ದವ್ವನ ಮನೆಯಲ್ಲಿ ಹಂದರ ಹಾಕಿದ್ದಾರೆ. ಹುಡುಗಿ ಇಲ್ಲ, ಮಾಲಿಂಗನೂ ಇಲ್ಲ. ಅವನ ಮೊಬೈಲು ಬಂದ್ ಆಗಿದೆ.

ಹಾಸ್ಟೆಲಿನಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿ ಮುದ್ರಿತ ಪಾಸನ್ನು ವಶಪಡಿಸಿಕೊಂಡರು. 'ಕರೆದುಕೊಂಡು ಹೋಗುವವರು: ತಂದೆ' ಎಂದು ಅದರಲ್ಲಿತ್ತು.

"ಈ ಮನಷ್ಯಾನ್ನ ನೀವು ಮೊದಲ ನೋಡಿದ್ರೇನು?" ಕೇದಾರಿ ವಾರ್ಡನ್‌ಗೆ ಕೇಳಿದರು.

"ನೋಡೇನ್ರಿ. ಮೂರ ಸರತಿ ಗೇಟಿನ ಮಟ ಬಂದಿದ್ದ. ಹೊಳ್ಳಿ ಕಳಿಸಿದ್ದೆ. ಪಾಸ್ ಇಲ್ದ ಬಿಡೂದಿಲ್ಲ ಅಂದೆ. ಪಾಸ್ ಯಾರ ಕೊಡ್ತಾರ್ರಿ ಅಂದ. ಕಂಪ್ಯೂಟರ ಕೊಡ್ತೈತಿ ಅಂದೆ."

"ಶನಿವಾರ?"

"ಪಾಸ್ ಇತ್ತಲ್ರಿ. ಕಂಪ್ಯೂಟರ ಹೂಂ ಅಂದ ಮ್ಯಾಲ ನಾ ಯಾರ್ರಿ ಉಹೂಂ ಅನ್ನಾಕ?"

"ಲಾಗಿನ್ ಹೆಸರು ಅವಗ ಹೆಂಗ ಗೊತ್ತಾತು?"

"ಪ್ರವೇಶ ಸಂಖ್ಯೆನ ಲಾಗಿನ್ ಹೆಸರು. ಹುಡುಗರ ಎದಿ ಮ್ಯಾಲಿನ ಬಿಲ್ಲೆದಾಗ ಬರದಿರ್ತೈತ್ರಿ." ಹೇಳುತ್ತ ಹೇಳುತ್ತ ಕಮಲಾಬಾಯಿಯ ದನಿ ಸಣ್ಣದಾಯಿತು.

ಶೆಟ್ಟೆವ್ವನನ್ನೂ ಕೂರಿಸಿಕೊಂಡು ಜೀಪು ಗೋಕಾಕಕ್ಕೆ ಹೊರಟಿತು. ಶಾಲೆಯ ವೆಬ್‌ಸೈಟು ಮಾಡಿದ ಧನ್ಯಕುಮಾರನ ಅಂಗಡಿ ಬಸ್ ನಿಲ್ದಾಣದ ಹತ್ತಿರ, ಮೊದಲ ಮಹಡಿಯಲ್ಲಿತ್ತು. ಇಂಜಿನಿಯರಿಂಗ್ ಮುಗಿಸಿದ ಹುಡುಗ. ಪೊಲೀಸರನ್ನು ನೋಡಿ ಕುರ್ಚಿ ಬಿಟ್ಟು ಎದ್ದವನು ಮತ್ತೆ ಕೂರಲಿಲ್ಲ.

"ಈ ಪಾಸ್ ಯಾವಾಗ ತಗದಾರ?"

ಧನ್ಯಕುಮಾರ ಪರದೆಯ ಮೇಲೆ ಹುಡುಕಿದ. "ಶುಕ್ರವಾರ, ಮುಂಜಾನೆ ಹನ್ನೊಂದೂವರಿಗೆ. ಎರಡ ಸಲ ತಪ್ಪು ಪಾಸ್‌ವರ್ಡ್ ಬಿದ್ದೈತ್ರಿ. ಮೂರನೇದು ಸರಿ."

"ಎಷ್ಟ ಸಲ ತಪ್ಪಿದ್ರ ಬಂದಾಗ್ತೈತಿ?"

"ಬಂದಾಗೂದಿಲ್ಲರಿ. ಹಳ್ಳಿ ತಾಯಂದಿರು ಮರೀತಾರ. ಬಾಗಲಾ ಬಂದಾದ್ರ ಗಾಬರಿ ಆಗ್ತಾರಂತ ಎಷ್ಟ ಸಲಾದ್ರೂ ಹಾಕಾಕ ಬಿಟ್ಟೇನಿ."

"ಪಾಸ್ ಕೊಟ್ಟಿದ್ದು ತಾಯಿ ಫೋನಿಗೆ ತಿಳೀತಿತ್ತೇನು?"

"ಎಸ್ಸೆಮ್ಮೆಸ್ ಮುಂದಿನ ವರ್ಷ ಮಾಡೂಣು ಅಂದಿದ್ರು ಸಾಲಿ ಟ್ರಸ್ಟಿನವರು."

"ತಂದಿಗೆ ಬ್ಯಾರೆ ಲಾಗಿನ್?"

"ಒಬ್ಬ ಹುಡುಗಿಗೆ ಒಂದ ಲಾಗಿನ್ ಸರ. ಮನಿ ಒಂದ ಇರ್ತೈತಿ, ಕೀಲಿ ಒಂದಿದ್ರ ಸಾಕಲ್ಲ ಅಂತ..."

ಕೇದಾರಿ ಅವನ ಭುಜದ ಮೇಲಿಂದ ಪರದೆ ನೋಡಿದರು. ಸಾಲುಸಾಲಾಗಿ ತಾಯಂದಿರ ಹೆಸರು; ಪಕ್ಕದಲ್ಲಿ ಅವರು ಇಟ್ಟ ಶಬ್ದಗಳು, ಮುಚ್ಚುಮರೆಯಿಲ್ಲದೆ. ಬಸಪ್ಪ, ಲಕ್ಕಪ್ಪ, ಆದಪ್ಪ, ಮಾಲಿಂಗ, ರಾಯಪ್ಪ.

"ಇವೆಲ್ಲ ಏನು?"

"ಅರ್ಧಕ್ಕರ್ಧ ತಾಯಂದಿರು ಗಂಡನ ಹೆಸರ ಇಟ್ಟಾರ್ರಿ."

"ಇದನ್ನ ನೀವು ಮೊದಲ ನೋಡಿದ್ರಿ."

"ಹೌದ್ರಿ."

"ನೋಡಿ ಏನ ಮಾಡಿದ್ರಿ?"

ಧನ್ಯಕುಮಾರ ಕೆಳಗೆ ನೋಡಿದ. "ನಕ್ಕೆನ್ರಿ. ಮನ್ಯಾಗ ನಮ್ಮವ್ವಗೂ ಹೇಳಿ ನಗಿಸಿದೆ."

"ನಿಮ್ಮ ಅವ್ವಾರು ನಿಮ್ಮಪ್ಪನ ಹೆಸರ ಹೇಳ್ತಾರೇನು?"

ಅವನು ಕೈ ಚಾಚಿ ಪರದೆಯ ಮೇಲಿನ ಪಟ್ಟಿಯನ್ನು ಮುಚ್ಚಿದ.

ಪಾಸ್ ತೆಗೆದ ಸಂಪರ್ಕದ ಸಂಖ್ಯೆಯನ್ನು ಬರೆದುಕೊಂಡು, ಅದು ಯಾವ ಊರಿನ ಯಾರ ಲೈನು ಎಂದು ತಿಳಿಸಲು ದೂರವಾಣಿ ಕಚೇರಿಗೆ ಕೋರಿಕೆಪತ್ರ ಕಳಿಸಿದರು. ಅತ್ತ ಶಿದ್ರಾಮ ಆ ಹೊತ್ತಿಗೆ ಶೆಟ್ಟೆವ್ವ ಎಲ್ಲಿದ್ದಳೆಂದು ತಿಳಿಯಲು ಗೋಕಾಕದ ಸರಕಾರಿ ಆಸ್ಪತ್ರೆಗೆ ಹೋಗಿ ಬಂದ. ಶುಕ್ರವಾರ ಶೆಟ್ಟೆವ್ವ ನಾಗನೂರಿನ ಬಸುರಿಯೊಬ್ಬಳನ್ನು ಕರೆತಂದಿದ್ದಳು. ಹನ್ನೊಂದೂವರೆಗೆ ಹೆರಿಗೆ ಕೋಣೆಯಲ್ಲಿ ಆ ಹುಡುಗಿಯ ಕೈ ಹಿಡಿದು ನಿಂತಿದ್ದಳು. ಸಂಜೆವರೆಗೂ ಹೊರಗೆ ಹೋಗಿಲ್ಲ ಎಂದು ನರ್ಸು ಹೇಳಿದ್ದಳು.

"ಆಕಿ ಸುಳ್ಳ ಹೇಳಿಲ್ಲ," ಎಂದರು ಕೇದಾರಿ. "ಮೂಡಲಗಿಗೆ ನಡೀರಿ. ಆಕೀನೂ ನಮ್ಮ ಜೋಡಿ ಬರ್ಲಿ."

ಉದ್ದವ್ವನ ಮನೆ ಮೂಡಲಗಿಯ ಹೊರಗೆ ತೋಟದಲ್ಲಿತ್ತು. ಹಂದರದ ಕೆಳಗೆ ಹೆಂಗಸರು ಅರಿಷಿಣ ಅರೆಯುತ್ತಿದ್ದರು. ಜೀಪು ನಿಂತ ಕೂಡಲೇ ಹಾಡು ನಿಂತಿತು. ಶೆಟ್ಟೆವ್ವನನ್ನು ಜೀಪಿನಲ್ಲೇ ಕೂರಿಸಿ, ಕೇದಾರಿ ಮತ್ತು ಕೆಂಚವ್ವ ಒಳಗೆ ಹೋದರು.

"ಬರ್ರಿ ಸಾಹೇಬ್ರ," ಎಂದಳು ಉದ್ದವ್ವ, ಸೊಂಟದ ಮೇಲೆ ಕೈಯಿಟ್ಟು. "ಮುಂಜಾನೆ ಒಬ್ಬ ಪೊಲೀಸ ಬಂದ ಚಾ ಕುಡದ ಹೋಗ್ಯಾನ. ನೀವು ಊಟಾ ಮಾಡಿ ಹೋಗ್ರಿ. ನನ್ನ ಮಗಾ ಪುಣ್ಯವಂತ, ಲಗ್ನಕ್ಕ ಸರಕಾರನ ಬರಾಕತ್ತೈತಿ."

"ಮಾಲಿಂಗ ಎಲ್ಲಿ?"

"ಕುರಿ ಹಿಂದ ಇರಬೇಕು. ಕುರಿ ಎಲ್ಲಿರ್ತಾವು, ನನಗೇನ ಪತ್ರ ಬರೀತಾವ?"

ಕೆಂಚವ್ವ ನೀರು ಕುಡಿಯುವ ನೆಪದಲ್ಲಿ ದೇವರ ಜಗುಲಿಯ ಕೋಣೆಗೆ ಇಣುಕಿದಳು. ದೇವರ ಮುಂದೆ ಬುಟ್ಟಿಯಲ್ಲಿ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗಗಳಿದ್ದವು. ಬುಟ್ಟಿಯನ್ನೇ ಎತ್ತಿಕೊಂಡು ಬಂದಳು.

"ಅಕ್ಕಾ, ಮದುಮಕ್ಕಳು ಒಂದ ಜೋಡಿ. ಬಾಸಿಂಗ ಎರಡ ಜೋಡಿ ಯಾಕ?"

"ಸಣ್ಣಾವು ದೇವರಿಗೆ."

"ನಾನೂ ಕುರಿಹಟ್ಟಿಯೊಳಗ ಬೆಳದಾಕಿ ಅಕ್ಕಾ. ದೇವರಿಗೆ ಏನ ಕಟ್ತಾರಂತ ನನಗ ಹೇಳಬ್ಯಾಡ. ಈಗ ನಮ್ಮ ಕಡೆ ಇದನ್ನ ಬಿಟ್ಟಾರ. ನಿನಗ್ಯಾಕ ಬೇಕಾಗಿತ್ತ?"

ಉದ್ದವ್ವನ ಮುಖ ಬಿಗಿಯಿತು.

"ನನಗ ಎಂಟ ವರ್ಷಕ್ಕ ಕಟ್ಟಿದ್ರು. ಸತ್ನೇನು? ನಮ್ಮವ್ವ ಸತ್ತಾಗ ಮಾಲಿಂಗ ಕೈಗೂಸು. ಅವನ್ನ ನನ್ನ ಗಂಡನ ಮನೀಗೆ ತಂದ ಬೆಳಸೇನಿ. ಅದಕ್ಕ ಬಾಯಿಬಿಟ್ಟ ಒಂದ ಹುಡುಗಿ ಕೇಳೇನಿ. ಕಳವ ಮಾಡಿಲ್ಲ."

"ಅವಾ ಕೊಡ್ತೇನಂದಾನೇನು?"

"ಇವತ್ತ ಅರಿಷಿಣಕ್ಕ ಕರಕೊಂಡ ಬರ್ತೇನಂದಿದ್ದ." ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅವಳ ಕಣ್ಣು ಒಮ್ಮೆ ರಸ್ತೆಯ ಕಡೆ ಹೋಗಿ ಬಂತು. ಬೆಳಗಿನಿಂದ ಅವಳೂ ಅವನನ್ನು ಕಾಯುತ್ತಿದ್ದಳು.

ಸಣ್ಣ ಬಾಸಿಂಗದ ಜೋಡಿಯನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಬಾಲ್ಯವಿವಾಹ ತಡೆ ಕಾಯ್ದೆಯ ಎಚ್ಚರಿಕೆ ಕೊಟ್ಟು, ಹಂದರದಲ್ಲಿ ಒಬ್ಬ ಪೇದೆಯನ್ನು ಕೂರಿಸಿದರು. ಕೇದಾರಿಯವರಿಗೆ ಸಮಾಧಾನವಿರಲಿಲ್ಲ. ಜೀಪನ್ನು ನೋಡಿದವರು ಯಾರಾದರೂ ಮಾಲಿಂಗನಿಗೆ ಸುದ್ದಿ ಮುಟ್ಟಿಸಿದರೆ, ಅವನು ಮಗಳನ್ನು ಕರೆದುಕೊಂಡು ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗಿಬಿಡಬಹುದು. ಕುರಿಯವರಿಗೆ ದಾರಿ ಬೇಕಿಲ್ಲ, ಹೊಲದ ಬದು ಸಾಕು.

ಜೀಪಿನೊಳಗೆ ಶೆಟ್ಟೆವ್ವ ಆ ಬಾಸಿಂಗ ನೋಡಿ, ಮುಟ್ಟಲು ಹೋಗಿ, ಕೈ ಹಿಂದೆ ತೆಗೆದುಕೊಂಡಳು.

ಅಷ್ಟರಲ್ಲಿ ದೂರವಾಣಿ ಕಚೇರಿಯ ಉತ್ತರ ಬಂತು. ಪಾಸ್ ತೆಗೆದದ್ದು ಮೂಡಲಗಿ ಪೇಟೆಯ ಒಂದು ಸೈಬರ್ ಕೆಫೆಯಿಂದ. ಅದನ್ನು ನಡೆಸುವ ಶುಭಮ ಎಂಬ ಯುವಕ ಕೂಡಲೇ ನೆನಪಿಸಿಕೊಂಡ.

"ಮಾಲಿಂಗ ಬಂದಿದ್ದ ಸರ. ಅವಗ ಕಂಪ್ಯೂಟರಿನಾಗ ಅಕ್ಷರ ಬಡಿಯಾಕ ಬರೂದಿಲ್ಲ. ಅವಾ ಹೇಳಿದ, ನಾ ಬಡದೆ. ಮಗಳ ಸಾಲಿ ಪಾಸ್ ಅಂದ. ತಂದೀನ ಅದಾನಲ್ಲ ಅಂತ..."

"ಅವನ್ನ ನಿಮಗ ಹೆಂಗ ಪರಿಚಯ?"

"ನಮ್ಮ ಕಾಕಾನ ಹೊಲದಾಗ ಅವನ ಕುರಿ ನಿಲ್ಲಿಸ್ಯಾರ್ರಿ. ಕಾಕಾ ಅಂದ್ರ ಆಬಾಸಾಹೇಬರು. ಕಬ್ಬ ಕಡದ ಹೊಲ, ಕಾಲುವಿ ಬಾಜೂ. ಗೊಬ್ಬರಕ್ಕ."

"ಇವತ್ತೂ ಅಲ್ಲೇ ಅದಾವೇನು?"

"ಮುಂಜಾನೆ ನೋಡೇನ್ರಿ. ಅದಾವು."

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಜೀಪನ್ನು ಕಾಲುವೆಯ ದಂಡೆಯ ಮೇಲೆಯೇ ನಿಲ್ಲಿಸಿ ನಡೆದು ಹೋದರು. ಶಿದ್ರಾಮ ಆ ಕಡೆಯ ಬದುವಿನಿಂದ ಸುತ್ತು ಹಾಕಿದ. ನಾಯಿಗಳು ಬೊಗಳುತ್ತ ಬಂದವು. ಕುರಿಗಳ ಆಚೆ ಒಬ್ಬ ಎದ್ದು ನಿಂತ. ಕೇದಾರಿಯವರ ಕೈ ಸೊಂಟದ ಬಳಿ ಹೋಯಿತು. ಆ ಮನುಷ್ಯ ಓಡಲಿಲ್ಲ. ನಾಯಿಗಳನ್ನು ಗದರಿಸಿ ಕರೆದುಕೊಂಡ.

"ಮಾಲಿಂಗ?"

"ಹೌದ್ರಿ."

"ಮಗಳೆಲ್ಲಿ?"

ಅವನು ಕೈ ತೋರಿಸಿದ. ಕಬ್ಬಿನ ಒಣಗರಿಯ ರಾಶಿಯ ಮೇಲೆ, ಅಪ್ಪನ ಕಂಬಳಿ ಹೊದ್ದು, ಶಾಲೆಯ ಸ್ವೆಟರಿನಲ್ಲಿ ದೀಪಾ ಕೂತಿದ್ದಳು. ಒಂದು ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಹೋಗಿ, ಅದನ್ನು ಯಾರೋ ಕುರಿಯ ಹಗ್ಗ ಕಟ್ಟುವ ಹಾಗೆ ಗಂಟು ಹಾಕಿದ್ದರು. ಶೆಟ್ಟೆವ್ವ ಚಪ್ಪಲಿ ಬಿಟ್ಟು ಓಡಿದಳು. ಮಗಳನ್ನು ಎದೆಗೆ ಒತ್ತಿಕೊಂಡು ತಲೆ, ಕೈ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಕೊರಳಲ್ಲಿ ಏನೂ ಇರಲಿಲ್ಲ. ಆಮೇಲೆಯೇ ಆಕೆಗೆ ಅಳು ಬಂದದ್ದು.

ದೀಪಾ ಅಳಲಿಲ್ಲ. ಕೇದಾರಿ ಕೇಳಿದ ಯಾವ ಪ್ರಶ್ನೆಗೂ ಉತ್ತರಿಸಲಿಲ್ಲ.

ಸಂಜೆ ಆರೂಕಾಲಿಗೆ ಮಾಲಿಂಗನನ್ನು ಬಂಧಿಸಿ, ಕುರಿಗಳನ್ನು ಆಬಾಸಾಹೇಬರ ಆಳುಗಳಿಗೆ ಒಪ್ಪಿಸಿ, ಎಲ್ಲರನ್ನೂ ಮೂಡಲಗಿ ಠಾಣೆಗೆ ತಂದರು. ಕೇದಾರಿ ಹೇಳಿಕೆ ಪಡೆದರು. ಆಚೆ ಬೆಂಚಿನ ಮೇಲೆ ಕೆಂಚವ್ವ ದೀಪಾಳನ್ನು ಮುಂದೆ ಕೂರಿಸಿಕೊಂಡು, ಏನನ್ನೂ ಕೇಳದೆ, ಜಡೆ ಬಿಚ್ಚಿ ಸಿಕ್ಕು ಬಿಡಿಸತೊಡಗಿದಳು. ತಾಯಿ ಪಕ್ಕದಲ್ಲಿ ಕೂತು ಬಿಸ್ಕೀಟು ಹಿಡಿದಿದ್ದಳು. ಹುಡುಗಿ ಅದನ್ನು ಕೈಯಲ್ಲಿ ಇಟ್ಟುಕೊಂಡಿತೇ ಹೊರತು ತಿನ್ನಲಿಲ್ಲ.

"ಪಾಸ್‌ವರ್ಡ್ ಯಾರ ಹೇಳಿದ್ರು?" ಕೇದಾರಿ ಕೇಳಿದರು.

"ಯಾರೂ ಹೇಳಿಲ್ಲರಿ. ಮೊದಲ ಮಗಳ ಹೆಸರ ಬಡಸಿದೆ. ಆಗ್ಲಿಲ್ಲ. ಆಮ್ಯಾಲ ಆಕಿ ಹೆಸರ ಬಡಸಿದೆ. ಅದೂ ಆಗ್ಲಿಲ್ಲ. ಆಗ ಶುಭಮ ಅಂದ, ಇಲ್ಲಿ ಕೆಳಗ ಬರದಾರ ನೋಡು, ಯಾರ ಮುಂದೂ ಹೇಳದ ಶಬ್ದ ಹಾಕ್ರಿ ಅಂತ. ಆಕಿ ಯಾವ ಶಬ್ದ ಹೇಳೂದಿಲ್ಲಂತ ವಿಚಾರ ಮಾಡಿದೆ."

"ಮುಂದ?"

"ನನ್ನ ಹೆಸರ ಬಡಿ ಅಂದೆ. ತಗೀತು."

ಶಿದ್ರಾಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಬೆಂಚಿನ ಮೇಲೆ ಶೆಟ್ಟೆವ್ವ ಮುಖ ಆಚೆ ತಿರುಗಿಸಿದಳು.

"ಎರಡ ವರ್ಷದಿಂದ ಕೋರ್ಟಿನಾಗ ಮುಖ ನೋಡಿಲ್ಲ ನನ್ನ," ಮಾಲಿಂಗ ನೆಲ ನೋಡುತ್ತ ಹೇಳಿದ. "ಆದ್ರೂ ಅಲ್ಲಿ ನನ್ನ ಹೆಸರ ಇಟ್ಟಿದ್ಲು."

"ಮಗಳನ್ನ ಅಕ್ಕಗ ಕೊಡಾಕ ಒಯ್ದಿ?"

"ಹೌದ್ರಿ. ಮಾತ ಕೊಟ್ಟಿದ್ದೆ. ಸುಳ್ಳ ಯಾಕ ಹೇಳ್ಲಿ."

"ಮತ್ತ ಯಾಕ ಒಯ್ಯಲಿಲ್ಲ?"

ಮಾಲಿಂಗ ಬೆಂಚಿನ ಕಡೆ ನೋಡಿದ.

"ಶನಿವಾರ ಚೆಂದ ಇದ್ಲುರಿ. ಮರಿಗೋಳ ಜೋಡಿ ಆಡಿದ್ಲು. ಎಲ್ಲಾಕ್ಕೂ ಹೆಸರ ಇಟ್ಲು. ರವಿವಾರ ಸಂಜೀಕ ಚೀಲ ಹಾಕ್ಕೊಂಡ ಬಂದ ನಿಂತ್ಲು. ನಾಳೆ ಗಣಿತ ಪರೀಕ್ಷೆ ಐತಿ, ಸಾಲಿಗೆ ಬಿಡು ಅಂದ್ಲು. ನಾಳೆ ಬಿಡೂಣು ಅಂದೆ. ಆಗಿಂದ ನನ್ನ ಜೋಡಿ ಮಾತಾಡಿಲ್ಲರಿ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಇವತ್ತ ಮುಂಜಾನೆಯಿಂದ ಅಕ್ಕನ ಮನಿಗೆ ಹೊಂಟ ಹೊಂಟ ನಿಂತೆ. ಆ ಮಾರಿ ನೋಡಿ ಕಾಲ ಏಳಲಿಲ್ಲ. ಸಾಲಿಗೆ ಒಯ್ದ ಬಿಡೂಣು ಅಂದ್ರ, ಇನ್ನ ನನಗ ಕಾಣೂದಿಲ್ಲ. ಆಕಿ ನನ್ನ ಹೆಸರ ತಗದ ಬ್ಯಾರೆ ಇಡ್ತಾಳ. ಅದಕ್ಕ ಅಲ್ಲೇ ಕುಂತೆ."

ಕೋರ್ಟಿನ ಆದೇಶದಲ್ಲಿ ಮಗಳು ತಾಯಿಯ ಬಳಿ ಇರಬೇಕೆಂದಷ್ಟೇ ಇತ್ತು. ತಂದೆ ಯಾವಾಗ, ಎಲ್ಲಿ ಮಗಳನ್ನು ನೋಡಬಹುದು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ವಕೀಲನನ್ನು ಇಡದ ಮಾಲಿಂಗ ಅದನ್ನು ಕೇಳಿರಲಿಲ್ಲ. ಕೇಳಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೇದಾರಿ ಆ ಹಾಳೆಯನ್ನು ಎರಡನೆಯ ಸಲ ಓದಿ ಕಡತಕ್ಕೆ ಸೇರಿಸಿದರು. ಹೇಳಿಕೆಯ ಕೆಳಗೆ ಮಾಲಿಂಗ ಹೆಬ್ಬೆಟ್ಟು ಒತ್ತಿದ.

ಹುಕ್ಕೇರಿಗೆ ಒಯ್ಯಲು ಜೀಪು ಸಿದ್ಧವಾಯಿತು. ಶಿದ್ರಾಮ ಮಾಲಿಂಗನ ತೋಳು ಹಿಡಿದು ಹೊಸ್ತಿಲು ದಾಟಿಸುತ್ತಿದ್ದ. ಕೆಂಚವ್ವ ಎರಡನೇ ಜಡೆಗೆ ರಿಬ್ಬನ್ ಸುತ್ತುತ್ತಿದ್ದವಳು, ಕೈಯಿಂದ ಜಡೆ ಜಾರಿದ್ದು ನೋಡಿ ತಲೆ ಎತ್ತಿದಳು. ದೀಪಾ ಬೆಂಚಿನಿಂದ ಇಳಿದು ಕೇದಾರಿಯವರು ಕೂತಿದ್ದ ಮೇಜಿನ ಮುಂದೆ ಬಂದು ನಿಂತಿದ್ದಳು. ಮೇಜು ಅವಳ ಎದೆಯವರೆಗೆ ಬರುತ್ತಿತ್ತು.

"ಬಾರವ್ವಾ," ಎಂದರು ಕೇದಾರಿ. "ಏನರ ಹೇಳೂದೈತೇನು?"

ಹುಡುಗಿ ತಾಯಿಯ ಕಡೆ ಒಮ್ಮೆ ನೋಡಿತು. ಬಾಗಿಲಲ್ಲಿ ನಿಂತುಬಿಟ್ಟ ತಂದೆಯ ಕಡೆ ಒಮ್ಮೆ ನೋಡಿತು. ಆಮೇಲೆ, ತರಗತಿಯಲ್ಲಿ ಎದ್ದು ನಿಂತು ಕೇಳುವ ಹಾಗೆ, ಎಲ್ಲರಿಗೂ ಕೇಳಿಸುವಂತೆ ಕೇಳಿತು:

"ಸರ, ನಮ್ಮಪ್ಪಗ ನನ್ನ ನೋಡಬೇಕ ಅನಿಸಿದ್ರ, ಯಾರನ್ನ ಕೇಳಬೇಕಿತ್ರಿ?"